ದ್ವೀಪಕ್ಕೆ ತೀರ್ವೆ ಕಟ್ಟಿದವರು ಯಾರು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲ ಉತ್ತರಿಸುತ್ತಿರುವವರು ಕಡಲ ಕಾನೂನು ಪಾಠ ಹೇಳಿ ನಿವೃತ್ತರಾದ ಅಧ್ಯಾಪಕರು.

ಪ್ರಶ್ನೆ: ಮಗ ಕಪ್ಪಲಿನ ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಈಗಿನ ಹಡಗು ಸಿಂಗಾಪುರ ದಾಟಿ ಜಪಾನ್, ಕೊರಿಯಾ ಕಡೆ ಹೋಗುತ್ತದಂತೆ. ಟಿವಿ ಹಾಕಿದರೆ ಅಲ್ಲೇ ಯಾವುದೋ ದ್ವೀಪಕ್ಕಾಗಿ ಚೀನಾ–ಜಪಾನ್ ಯುದ್ಧ ಆಗುತ್ತದೆ ಅನ್ನುತ್ತಾರೆ. ಜನರೇ ಇಲ್ಲದ ಬಂಡೆಗೆ ಇಷ್ಟು ಜಗಳ ಯಾಕೆ? ಅವನಿಗೆ ಕೆಲಸ ಬಿಟ್ಟು ಬಾ ಎನ್ನಲೇ?
– ಓರ್ವ ತಾಯಿ, ಉದುಮ

ಉತ್ತರ: ಅಮ್ಮಾ, ಮೊದಲು ಮಗನ ವಿಷಯ ಹೇಳುತ್ತೇನೆ, ದ್ವೀಪದ ಕಥೆ ಆಮೇಲೆ.

ವಾಪಸ್ ಕರೆಸುವ ಅಗತ್ಯ ನನಗೆ ಕಾಣುವುದಿಲ್ಲ. ಸಿಂಗಾಪುರ ದಾಟಿದ ಮೇಲೆ ಅವನ ಹಡಗು ಹಾಯುವ ದಕ್ಷಿಣ ಚೀನಾ ಸಮುದ್ರದಲ್ಲಿ ತಕರಾರಿನ ಬಂಡೆ, ದಿಬ್ಬಗಳು ತುಂಬಿರುವ ದೊಡ್ಡ ಜಾಗವೊಂದಿದೆ. ನಾವಿಕರ ನಕಾಶೆಯಲ್ಲಿ ಅದರ ಹೆಸರೇ 'ಅಪಾಯದ ನೆಲ'. ದೊಡ್ಡ ಹಡಗುಗಳು ತಲೆಮಾರುಗಳಿಂದ ಅದರೊಳಗೆ ನುಗ್ಗದೆ ಸುತ್ತುಹಾಕಿಯೇ ಹೋಗುತ್ತವೆ. ಯುದ್ಧಕ್ಕೆ ಹೆದರಿ ಅಲ್ಲ, ಹಡಗಿನ ಅಡಿ ಬಂಡೆಗೆ ತಾಗೀತೆಂದು ಹೆದರಿ. ಈ ದ್ವೀಪಗಳ ಜಗಳದಲ್ಲಿ ಪೆಟ್ಟು ತಿಂದವರು ಹೆಚ್ಚಾಗಿ ಮೀನುಗಾರರು ಮತ್ತು ಕಾವಲು ಪಡೆಯವರು. 2019ರ ಜೂನ್‌ನಲ್ಲಿ ರೀಡ್ ಬ್ಯಾಂಕ್ ಎಂಬ ಕಡಲ ದಿಬ್ಬದ ಹತ್ತಿರ ಲಂಗರು ಹಾಕಿದ್ದ ಫಿಲಿಪೈನ್ಸ್‌ನ ಮೀನುದೋಣಿಗೆ ಚೀನಾದ ದೋಣಿಯೊಂದು ಗುದ್ದಿ ಹೊರಟುಹೋಯಿತು. ನೀರಿಗೆ ಬಿದ್ದ 22 ಮಂದಿಯನ್ನು ಎತ್ತಿ ಉಳಿಸಿದ್ದು ವಿಯೆಟ್ನಾಮಿನ ಮೀನುಗಾರರು. 2024ರ ಜೂನ್ 17ರಂದು ಸೆಕೆಂಡ್ ಥಾಮಸ್ ದಿಬ್ಬದ ಬಳಿ ನಡೆದ ಜಟಾಪಟಿಯಲ್ಲಿ ಫಿಲಿಪೈನ್ಸ್ ನೌಕಾಪಡೆಯವನೊಬ್ಬನ ಹೆಬ್ಬೆರಳೇ ಹೋಯಿತು. ಇವೆರಡೂ ಸಣ್ಣ ಸಂಗತಿಗಳಲ್ಲ. ಆದರೆ 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಸರಕು ಹಡಗುಗಳನ್ನೇ ಗುರಿಯಿಟ್ಟು ಹೊಡೆದರಲ್ಲ, ಅಂಥದ್ದು ಇಲ್ಲಿ ಆಗಿಲ್ಲ.

ಇನ್ನೊಂದು ಮಾತು ಮಗನಿಗೆ ತಿಳಿಸಿ. ನಾವಿಕರ ಕೆಲಸದ ಬಗ್ಗೆ 2006ರ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ಭಾರತ 2015ರಲ್ಲಿ ಅದಕ್ಕೆ ಸೇರಿತು. ಹಡಗು ಯುದ್ಧವಲಯಕ್ಕೆ ಹೊರಟಾಗ ನಾವಿಕ ಒಪ್ಪದಿದ್ದರೆ ಅವನನ್ನು ಊರಿಗೆ ಕಳಿಸಬೇಕೆಂಬ ಮಾತು ಅದರಲ್ಲಿದೆ. ಯಾವುದನ್ನು ಯುದ್ಧವಲಯ ಎನ್ನುತ್ತಾರೆ ಎಂಬುದು ದೇಶದ ಕಾನೂನಿನಲ್ಲೋ ಅವನ ಕರಾರುಪತ್ರದಲ್ಲೋ ಇರುತ್ತದೆ. ಸಹಿ ಹಾಕುವ ಮೊದಲು ಆ ಸಾಲನ್ನು ಓದುವ ಹುಡುಗರು ಕಡಿಮೆ. ಅವನು ಓದಲಿ.

ಇನ್ನು ಬಂಡೆಯ ಕಥೆ. ಟಿವಿಯವರು ಹೇಳುವ ದ್ವೀಪಗಳನ್ನು ಜಪಾನಿನವರು ಸೆಂಕಾಕು ಎನ್ನುತ್ತಾರೆ, ಚೀನಾದವರು ದಿಯಾವ್‌ಯು. ಐದು ದ್ವೀಪ, ಮೂರು ಬಂಡೆ. ಅತಿ ದೊಡ್ಡದೇ ನಾಲ್ಕು ಚದರ ಕಿಲೋಮೀಟರಿನ ಸುಮಾರಿಗೆ ಇದೆ. ಈಗ ಅಲ್ಲಿ ಯಾರೂ ಇಲ್ಲ, ಆದರೆ ಒಂದು ಕಾಲದಲ್ಲಿ ಇದ್ದರು. 1895ರಲ್ಲಿ, ಚೀನಾದೊಡನೆ ಯುದ್ಧ ನಡೆಯುತ್ತಿದ್ದಾಗಲೇ, ಜಪಾನ್ ಇವನ್ನು ತನ್ನದೆಂದು ಬರೆದುಕೊಂಡಿತು. ಬಳಿಕ ಒಬ್ಬ ವ್ಯಾಪಾರಿ ಅಲ್ಲಿ ಹಕ್ಕಿ ಗರಿಯ ಉದ್ಯಮ ಮಾಡಿದ, ಮೀನು ಹೊಗೆ ಹಾಕಿ ಒಣಗಿಸುವ ಕಾರ್ಖಾನೆ ಇಟ್ಟ. ಮಿನಿಕಾಯ್‌ನಿಂದ ಬರುವ ಮಾಸ್‌ಮೀನು ನಿಮಗೆ ಗೊತ್ತಿದ್ದರೆ, ಹೆಚ್ಚುಕಡಿಮೆ ಅದೇ ಸರಕು. 1940ರ ಹೊತ್ತಿಗೆ ಅದು ಮುಚ್ಚಿ ದ್ವೀಪ ಹಾಳುಬಿತ್ತು. ಮಹಾಯುದ್ಧದ ಬಳಿಕ ಅಮೆರಿಕದ ಕೈಗೆ ಹೋಗಿ, 1972ರಲ್ಲಿ ಓಕಿನಾವದ ಜೊತೆ ಜಪಾನಿಗೆ ಮರಳಿತು. ಅಷ್ಟರೊಳಗೆ, 1960ರ ದಶಕದ ಕೊನೆಗೆ, ವಿಶ್ವಸಂಸ್ಥೆಯ ನೆರವಿನ ಸಮೀಕ್ಷೆಯೊಂದು ಆ ಕಡಲಡಿಯಲ್ಲಿ ಎಣ್ಣೆ ಇರಬಹುದು ಎಂದಿತ್ತು. 1971ರಲ್ಲಿ ತೈವಾನೂ ಚೀನಾವೂ 'ಇದು ನಮ್ಮದು' ಎಂದವು.

ಎಣ್ಣೆಯೊಂದೇ ಕಾರಣವಲ್ಲ. ಕಡಲ ಕಾನೂನಿನ ಪ್ರಕಾರ ಒಂದು ತುಂಡು ನೆಲದ ಸುತ್ತ 12 ನಾಟಿಕಲ್ ಮೈಲು, ಅಂದರೆ 22 ಕಿಲೋಮೀಟರು, ಆ ದೇಶದ್ದೇ ನೀರು. ಸಣ್ಣ ಬಂಡೆಯಾದರೂ ಸರಿ, ಸುತ್ತ ಸುಮಾರು 1,550 ಚದರ ಕಿಲೋಮೀಟರು ಸಿಕ್ಕಿತು, ನಮ್ಮ ಕಾಸರಗೋಡು ಜಿಲ್ಲೆಯ ಮುಕ್ಕಾಲು ಪಾಲು. ಅದು ಬಂಡೆಯಲ್ಲ, ಮನುಷ್ಯ ಬದುಕಬಹುದಾದ ದ್ವೀಪ ಎಂದು ಸಾಧಿಸಿದರೆ ಮೀನು, ಎಣ್ಣೆಯ ಹಕ್ಕು 200 ನಾಟಿಕಲ್ ಮೈಲಿನವರೆಗೆ ಹಬ್ಬುತ್ತದೆ. ನಡುವೆ ಬೇರೆ ದೇಶ ಅಡ್ಡ ಬರದಿದ್ದರೆ ಅದು 4,30,000 ಚದರ ಕಿಲೋಮೀಟರು. ಹನ್ನೊಂದು ಕೇರಳ. ಬಂಡೆಯ ಮೇಲೆ ಹುಲ್ಲು ಬೆಳೆಯುತ್ತದೋ, ಕುಡಿಯುವ ನೀರಿದೆಯೋ ಎಂದು ದೊಡ್ಡ ದೊಡ್ಡ ವಕೀಲರು ವಾದಿಸುವುದು ಇದಕ್ಕೇ.

ಪ್ರಶ್ನೆ: ವಿಲೇಜ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು. ಜಾಗದ ತಕರಾರು ಬಂದರೆ ನಾವು ದಾಖಲೆ ನೋಡುತ್ತೇವೆ, ತೀರ್ವೆ ರಶೀದಿ ಕೇಳುತ್ತೇವೆ, ಮುಗಿಯದಿದ್ದರೆ ಕೋರ್ಟು. ದೇಶಗಳಿಗೆ ಇದು ಯಾಕೆ ಆಗುವುದಿಲ್ಲ?
– ಓರ್ವ ನಿವೃತ್ತರು, ಬದಿಯಡ್ಕ

ಉತ್ತರ: ಆಗುತ್ತದೆ ಸ್ವಾಮಿ, ಮತ್ತು ಅಲ್ಲಿಯೂ ನಿಮ್ಮ ತೀರ್ವೆ ರಶೀದಿಯೇ ಗೆಲ್ಲುವುದು.

ಬೋರ್ನಿಯೋ ಪಕ್ಕದ ಲಿಗಿತಾನ್, ಸಿಪದಾನ್ ಎಂಬ ಎರಡು ಸಣ್ಣ ದ್ವೀಪಗಳಿಗೆ ಮಲೇಷ್ಯಾ, ಇಂಡೋನೇಷ್ಯಾ ಹೊಡೆದಾಡಿ ಕೊನೆಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ಹಳೆಯ ಡಚ್ಚರ ಒಪ್ಪಂದ, ಸುಲ್ತಾನರ ಕಾಗದ, ನಕಾಶೆ, ಎಲ್ಲವನ್ನೂ ಗುಡ್ಡೆ ಹಾಕಿದರು. ಯಾವುದೂ ನಿಲ್ಲಲಿಲ್ಲ. 2002ರ ಡಿಸೆಂಬರ್ 17ರಂದು ನ್ಯಾಯಾಲಯ ದ್ವೀಪಗಳನ್ನು ಮಲೇಷ್ಯಾಕ್ಕೆ ಕೊಟ್ಟಿತು. ಯಾಕೆಂದರೆ, ಅಲ್ಲಿ ಹಿಂದೆ ಆಳುತ್ತಿದ್ದ ಬ್ರಿಟಿಷರು 1917ರಲ್ಲಿ ಕಡಲಾಮೆಯ ಮೊಟ್ಟೆ ಯಾರು ಹೆಕ್ಕಬೇಕು, ಹೇಗೆ ಹೆಕ್ಕಬೇಕು ಎಂದು ಕಾನೂನು ಮಾಡಿದ್ದರು. 1933ರಲ್ಲಿ ಒಂದು ದ್ವೀಪವನ್ನು ಹಕ್ಕಿಧಾಮ ಮಾಡಿದ್ದರು. 1960ರ ದಶಕದಲ್ಲಿ ದೀಪಸ್ತಂಭ ಎದ್ದಿತ್ತು. ಇಂಡೋನೇಷ್ಯಾ 'ನಮ್ಮ ಮೀನುಗಾರರು ಅಲ್ಲಿಗೆ ಮೊದಲಿನಿಂದಲೂ ಹೋಗುತ್ತಿದ್ದರು' ಎಂದಿತು. ಖಾಸಗಿಯವರು ಹೋಗಿ ಬಂದದ್ದು ಸರಕಾರದ ಆಡಳಿತ ಆಗುವುದಿಲ್ಲ ಎಂದಿತು ನ್ಯಾಯಾಲಯ. ಮೊಟ್ಟೆಯ ಲೆಕ್ಕ ಬರೆದಿಟ್ಟ ಯಾವನೋ ಗುಮಾಸ್ತ ಗೆದ್ದ. ನಿಮ್ಮ ಇಲಾಖೆಯವನೇ!

ಇನ್ನೊಂದು ಮೊಕದ್ದಮೆ ಇದಕ್ಕಿಂತ ಸ್ವಾರಸ್ಯದ್ದು. ಸಿಂಗಾಪುರ ಜಲಸಂಧಿಯ ಬಾಯಲ್ಲಿ ಪೆದ್ರಾ ಬ್ರಾಂಕಾ ಎಂಬ ಬಂಡೆಯಿದೆ. ಇಳಿತದ ಹೊತ್ತಿಗೆ ಅಳೆದರೂ ಎರಡು ಎಕರೆ ಚಿಲ್ಲರೆ, ಒಂದು ಸಾಧಾರಣ ಅಡಿಕೆ ತೋಟದಷ್ಟು. ಅದು ಮೂಲದಲ್ಲಿ, ಈಗ ಮಲೇಷ್ಯಾದೊಳಗಿರುವ ಜೋಹೋರ್‌ನ ಸುಲ್ತಾನನದೇ ಎಂದು ನ್ಯಾಯಾಲಯ ಒಪ್ಪಿತು. ಆದರೂ 2008ರಲ್ಲಿ ಕೊಟ್ಟದ್ದು ಸಿಂಗಾಪುರಕ್ಕೆ. 1851ರಿಂದ ಅಲ್ಲಿನ ದೀಪಸ್ತಂಭ ನೋಡಿಕೊಂಡವರು ಸಿಂಗಾಪುರದವರು. ಅದಕ್ಕಿಂತ ಹೆಚ್ಚಾಗಿ, 1953ರಲ್ಲಿ ಸಿಂಗಾಪುರ ಪತ್ರ ಬರೆದು ವಿಚಾರಿಸಿದಾಗ, ಆ ಬಂಡೆಯ ಒಡೆತನ ನಮಗೆ ಬೇಡ ಎಂಬರ್ಥದ ಒಂದು ಸಾಲಿನ ಉತ್ತರವನ್ನು ಜೋಹೋರಿನ ಅಧಿಕಾರಿಯೊಬ್ಬ ಬರೆದು ಕಳಿಸಿದ್ದ. ಮುಂದೆಯೂ ದಶಕಗಳ ಕಾಲ ಅವರು ಸುಮ್ಮನಿದ್ದರು. ಸುಮ್ಮನಿದ್ದುದೇ ಒಪ್ಪಿಗೆಯಾಯಿತು.

ಸೆಂಕಾಕುವಿನಲ್ಲಿ ಈಗ ನಡೆಯುತ್ತಿರುವುದು ಅರ್ಥವಾಗಬೇಕಾದರೆ ಈ 'ಸುಮ್ಮನಿರುವುದು' ಅರ್ಥವಾಗಬೇಕು. ತಕರಾರು ಹುಟ್ಟಿದ ಮೇಲೆ ವಾದ ಬಲಪಡಿಸಲೆಂದು ಮಾಡಿದ ಕೆಲಸಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಕೇಸು ಬಿದ್ದ ಮೇಲೆ ಓಡಿಹೋಗಿ ಕಟ್ಟಿದ ತೀರ್ವೆಯ ಹಾಗೆ. ಹಾಗಿದ್ದರೂ ಚೀನಾದ ಕಾವಲು ಹಡಗುಗಳು 2012ರಿಂದೀಚೆಗೆ ವರ್ಷದ ಬಹುತೇಕ ದಿನ ಆ ದ್ವೀಪಗಳ ಸುತ್ತ ಯಾಕೆ ತಿರುಗುತ್ತವೆ? ಹಕ್ಕು ಗಳಿಸುವುದಕ್ಕಿಂತ ಹೆಚ್ಚಾಗಿ, ತಾನು ಸುಮ್ಮನಿರಲಿಲ್ಲ ಎಂದು ತೋರಿಸುವುದಕ್ಕೆ. ಜಪಾನಿನ ಹಡಗು ಅದನ್ನು ಹಿಂಬಾಲಿಸುವುದು, ತನ್ನ ಆಡಳಿತ ತಪ್ಪಿಲ್ಲ ಎಂದು ತೋರಿಸುವುದಕ್ಕೆ. ಟಿವಿಯಲ್ಲಿ ಯುದ್ಧದ ಹಾಗೆ ಕಾಣುವ ದೃಶ್ಯದ ಬಹುಪಾಲು, ನನ್ನ ಕಣ್ಣಿಗೆ, ಎರಡು ಸರಕಾರಗಳು ದಿನಾ ಹಾಜರಿ ಹಾಕುವ ಕೆಲಸ. ಅಪಾಯವೂ ಅಲ್ಲೇ ಇದೆ. ಹಾಜರಿ ಹಾಕಲು ಹೋದ ಹಡಗುಗಳ ನಡುವೆ ಯಾರೋ ಒಬ್ಬ ಕುಡಿದ ಮತ್ತಿನಲ್ಲೋ ಹುಂಬತನದಲ್ಲೋ ಚುಕ್ಕಾಣಿ ತಿರುಗಿಸಿದರೆ ಸಾಕು. 2010ರಲ್ಲಿ ಚೀನಾದ ಟ್ರಾಲರೊಂದು ಜಪಾನಿನ ಕಾವಲು ಹಡಗುಗಳಿಗೆ ಗುದ್ದಿ, ಅದರ ನಾಯಕನನ್ನು ಬಂಧಿಸಿದಾಗ, ಎರಡು ದೇಶಗಳ ಸಂಬಂಧವೇ ಕೆಟ್ಟು ಕುಳಿತಿತ್ತು. 2012ರಲ್ಲಂತೂ ಟೋಕಿಯೊದ ರಾಜ್ಯಪಾಲರು ಕೊಂಡುಕೊಂಡು ರಾದ್ಧಾಂತ ಮಾಡಬಾರದೆಂದು ಜಪಾನ್ ಸರಕಾರವೇ ಖಾಸಗಿ ಒಡೆಯರಿಂದ ಮೂರು ದ್ವೀಪಗಳನ್ನು 205 ಕೋಟಿ ಯೆನ್‌ಗೆ ಕೊಂಡಿತು. ಬೆಂಕಿ ಆರಿಸಲು ಸುರಿದದ್ದು ಎಣ್ಣೆಯಾಯಿತು.

ಹಾಗಾದರೆ ಕೋರ್ಟಿಗೆ ಯಾಕೆ ಹೋಗುವುದಿಲ್ಲ? ಅಲ್ಲಿಗೆ ಇಬ್ಬರೂ ಒಪ್ಪಿ ಹೋಗಬೇಕು. ಜಾಗ ಕೈಯಲ್ಲಿದ್ದವನು ಒಪ್ಪುವುದು ಅಪರೂಪ. ಸೆಂಕಾಕು ವಿಷಯದಲ್ಲಿ ಜಪಾನ್ 'ತಕರಾರೇ ಇಲ್ಲ' ಎನ್ನುತ್ತದೆ. ಅದೇ ಜಪಾನ್, ಕೊರಿಯಾದ ವಶದಲ್ಲಿರುವ ದೊಕ್ದೊ ಬಂಡೆಗಳ ಬಗ್ಗೆ 1954ರಲ್ಲಿ, ಮತ್ತೆ 1962ರಲ್ಲಿ, ಮತ್ತೆ 2012ರಲ್ಲಿ 'ಕೋರ್ಟಿಗೆ ಹೋಗೋಣ' ಎಂದು ಕರೆಯಿತು. ಕೊರಿಯಾ ಹೇಳಿದ್ದು: ತಕರಾರೇ ಇಲ್ಲ. ಮಹಾಜನ ವರದಿಯನ್ನು ಕಾಸರಗೋಡಿನ ವಿಷಯದಲ್ಲಿ ಬೇಕೆನ್ನುವವರು ಯಾರು, ಬೇಡವೆನ್ನುವವರು ಯಾರು, ಬೆಳಗಾವಿಯ ವಿಷಯದಲ್ಲಿ ಯಾರು ಎಂದು ಐದು ದಶಕ ನೋಡಿದ ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಕಚ್ಚತೀವು ಭಾರತಕ್ಕೆ ಮರಳಿದರೆ ತಮಿಳುನಾಡಿನ ಮೀನುಗಾರರ ಬಂಧನ ನಿಲ್ಲುತ್ತದೆಯೇ?
– ಓರ್ವ ಕಾಲೇಜು ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ನಿಲ್ಲುವುದಿಲ್ಲ. ಪಾಕ್ ಜಲಸಂಧಿಯಲ್ಲಿರುವ 285 ಎಕರೆಯ ಆ ದ್ವೀಪ 1974ರ ಒಪ್ಪಂದದಲ್ಲಿ ಶ್ರೀಲಂಕಾದ ಕಡೆ ಸೇರಿತು. ಬಲೆ ಒಣಗಿಸಲು, ಸಂತ ಅಂತೋನಿಯ ಹಬ್ಬಕ್ಕೆ ನಮ್ಮವರು ಹೋಗಬಹುದೆಂಬ ಮಾತು ಉಳಿಯಿತು. 1976ರ ಪತ್ರವ್ಯವಹಾರದಲ್ಲಿ ಗಡಿಯಾಚೆ ಮೀನು ಹಿಡಿಯುವ ಹಕ್ಕು ಹೋಯಿತು. ಆದರೆ ಇಂದಿನ ಬಂಧನಗಳ ಮೂಲ ದ್ವೀಪವಲ್ಲ, ಮೀನು. ನಮ್ಮ ಬದಿಯ ಕಡಲನ್ನು ತಳ ಗೋರುವ ಟ್ರಾಲ್ ಬಲೆ ಬರಿದು ಮಾಡಿತು, ದೋಣಿಗಳು ಕಚ್ಚತೀವನ್ನೂ ದಾಟಿ ಜಾಫ್ನಾದ ಕಡೆಗೆ ಹೋಗುತ್ತವೆ. ಅಲ್ಲಿ ಸಣ್ಣ ದೋಣಿಯಲ್ಲಿ ಬಲೆ ಬೀಸುವವರೂ ತಮಿಳರೇ. ಶ್ರೀಲಂಕಾ ತಳ ಗೋರುವುದನ್ನು 2017ರಲ್ಲಿ ನಿಷೇಧಿಸಿತು. ಮಳೆಗಾಲದ ಟ್ರಾಲಿಂಗ್ ನಿಷೇಧ ಬಂದಾಗ ನಮ್ಮ ಕಡಪ್ಪುರದಲ್ಲಿ ದೋಣಿಯವರಿಗೂ ಬೋಟಿನವರಿಗೂ ನಡೆಯುವ ಮಾತುಕತೆ ಒಮ್ಮೆ ಕೇಳಿಸಿಕೊಂಡು ಬನ್ನಿ. ಪಾಕ್ ಜಲಸಂಧಿಯ ಅರ್ಧ ಪಾಠ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಲಕ್ಷದ್ವೀಪ ಹಿಂದೆ ನಮ್ಮ ದಕ್ಷಿಣ ಕನ್ನಡದ್ದಾಗಿತ್ತು ಎಂದು ಅಜ್ಜ ಹೇಳುತ್ತಿದ್ದರು. ನಿಜವೇ? ಅದರ ಮೇಲೆ ಯಾರದಾದರೂ ತಕರಾರು ಇದೆಯೇ?
– ಓರ್ವ ಓದುಗರು, ಕುಂಬಳೆ

ಉತ್ತರ: ಅರ್ಧ ನಿಜ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ದ್ವೀಪಗಳು ದಕ್ಷಿಣ ಕನ್ನಡಕ್ಕೆ ಸೇರಿದ್ದವು, ಉಳಿದವು ಮಲಬಾರಿಗೆ. ಟಿಪ್ಪುವಿನ ಬಳಿಕ ಬ್ರಿಟಿಷರು ಇವನ್ನು ಕೆನರಾಕ್ಕೆ ಕೂಡಿಸಿದ್ದರು. ತಕರಾರು ಇಲ್ಲ. ತೆಂಕಣ ತುದಿಯ ಮಿನಿಕಾಯ್‌ನ ಜನರ ಭಾಷೆ ಮಾಲ್ದೀವ್ಸಿನವರ ಮಾತಿಗೆ ಹತ್ತಿರದ್ದು, ಆದರೂ ನಡುವಿನ ಕಡಲ ಗಡಿಯನ್ನು 1976ರ ಡಿಸೆಂಬರ್‌ನಲ್ಲೇ ಎರಡು ದೇಶಗಳು ಸಹಿ ಹಾಕಿ ಮುಗಿಸಿದವು. ಅಜ್ಜನ ಮಾತಿಗೆ ಇಷ್ಟು ಸೇರಿಸಿಕೊಳ್ಳಿ: ಆ ಐದು ದ್ವೀಪಗಳು ದಕ್ಷಿಣ ಕನ್ನಡದಿಂದ ಕಳಚಿಕೊಂಡದ್ದು 1956ರ ನವೆಂಬರ್ 1ರಂದು, ನಮ್ಮ ಕಾಸರಗೋಡು ಕಳಚಿಕೊಂಡ ದಿನವೇ. ಅಕ್ಕಿ, ತರಕಾರಿ ತುಂಬಿದ ಮಂಜಿ ಮಾತ್ರ ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದಲೇ ಅತ್ತ ಹೊರಡುತ್ತದೆ.