ನಾಲ್ಕು ಬೈಕು, ಒಂದೇ ಜಲ್ಲಿ ರಸ್ತೆ: ಉತ್ತರದ ತುದಿಯ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಬೈಕಿನಲ್ಲೇ ಹೋಗಿ ಆರ್ಕ್ಟಿಕ್ ಸಮುದ್ರ ನೋಡಬೇಕು ಅಂತ ಬಹಳ ದಿನದ ಆಸೆ. ಅಲಾಸ್ಕಾದ ಡಾಲ್ಟನ್ ಹೆದ್ದಾರಿ ಒಳ್ಳೆಯದೋ, ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿಯೋ?

ಬೈಕನ್ನು ನೀರಿನ ಅಂಚಿನವರೆಗೆ ಒಯ್ಯಬೇಕು ಅಂತಿದ್ದರೆ ಡೆಂಪ್‌ಸ್ಟರ್. ಡಾಲ್ಟನ್ ಹೆದ್ದಾರಿ 666 ಕಿ.ಮೀ. ಓಡಿ ಡೆಡ್‌ಹಾರ್ಸ್‌ನಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಸಮುದ್ರಕ್ಕೆ ಇನ್ನು ಕೆಲವೇ ಕಿ.ಮೀ., ಆದರೆ ನಡುವೆ ಇರುವುದು ತೈಲ ಬಾವಿಗಳ ಜಾಗ, ಸ್ವಂತ ವಾಹನ ಬಿಡುವುದಿಲ್ಲ. ಮೊದಲೇ ಬುಕ್ ಮಾಡಿ ಅವರ ವ್ಯಾನಿನಲ್ಲಿ ಹೋಗಿ ಬರಬೇಕು. ಅಷ್ಟು ದೂರ ಬೈಕು ಓಡಿಸಿ ಕೊನೆಗೆ ವ್ಯಾನು ಹತ್ತುವುದು ಕೆಲವರಿಗೆ ಹಿಡಿಸುವುದಿಲ್ಲ, ನನಗೂ ಹಿಡಿಸುವುದಿಲ್ಲ. ಡೆಂಪ್‌ಸ್ಟರ್ ಕೆನಡಾದ ಯೂಕಾನ್ ಪ್ರದೇಶದ ಡಾಸನ್ ಸಿಟಿ ಹತ್ತಿರ ಶುರುವಾಗಿ ಸುಮಾರು 740 ಕಿ.ಮೀ. ದಾಟಿ ಇನುವಿಕ್ ಮುಟ್ಟುತ್ತದೆ. ಮೊದಲು ಅದೇ ಕೊನೆಯಾಗಿತ್ತು. 2017ರ ನವೆಂಬರ್‌ನಲ್ಲಿ ಇನುವಿಕ್‌ನಿಂದ ಟುಕ್ಟೊಯಾಕ್ಟುಕ್‌ವರೆಗೆ 138 ಕಿ.ಮೀ. ರಸ್ತೆ ತೆರೆದ ಮೇಲೆ ಸೀದಾ ಸಮುದ್ರ ದಡಕ್ಕೇ ಹೋಗಬಹುದು. ಒಂದು ಮಾತು ನೆನಪಿರಲಿ, ವಾಪಸ್ ಬರುವುದೂ ಅದೇ ರಸ್ತೆಯಲ್ಲೇ. ಹೋಗುವ ದಿನಗಳನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಬರುವ ದಿನಗಳನ್ನು ಸುಮ್ನೆ ಅರ್ಧ ಮಾಡಿಬಿಡುತ್ತಾರೆ!

ಪ್ರಶ್ನೆ: ನಮ್ಮಲ್ಲಿ ಮೂವರದು ದೊಡ್ಡ ಬೈಕು, ಒಬ್ಬನದು ಸಣ್ಣ ಟ್ಯಾಂಕಿನದು. ನಡೆಯುತ್ತದಾ?

ನಡೆಯುತ್ತದೆ, ಆದರೆ ಇಡೀ ಪ್ರವಾಸ ಆ ಬೈಕಿನ ಲೆಕ್ಕದಲ್ಲೇ ನಡೆಯಬೇಕು. ಡಾಲ್ಟನ್‌ನಲ್ಲಿ ದಾರಿಯ ಮಧ್ಯೆ ಸಿಗುವ ಕೋಲ್ಡ್‌ಫುಟ್ ದಾಟಿದ ಮೇಲೆ ಡೆಡ್‌ಹಾರ್ಸ್‌ವರೆಗೆ ಸುಮಾರು 386 ಕಿ.ಮೀ. ಪೆಟ್ರೋಲೇ ಇಲ್ಲ. ಡೆಂಪ್‌ಸ್ಟರ್‌ನಲ್ಲಿ ರಸ್ತೆ ಶುರುವಾಗುವ ಕೂಡುರಸ್ತೆಯಿಂದ ಮುಂದೆ ಪೆಟ್ರೋಲ್ ಸಿಗುವ ಈಗಲ್ ಪ್ಲೇನ್ಸ್‌ಗೆ ಸುಮಾರು 370 ಕಿ.ಮೀ., ಕೂಡುರಸ್ತೆಯಲ್ಲಿ ಪೆಟ್ರೋಲ್ ಸಿಗದೇ ಹೋದರೆ ಡಾಸನ್‌ನಿಂದಲೇ ಲೆಕ್ಕ ಹಿಡಿಯಬೇಕು, ಇನ್ನೂ 40 ಕಿ.ಮೀ. ಜಾಸ್ತಿ. ಲೀಟರಿಗೆ 20 ಕಿ.ಮೀ. ಕೊಡುವ ಬೈಕಿಗೆ 400 ಕಿ.ಮೀ. ಅಂದರೆ 20 ಲೀಟರ್. ಅದು ಟಾರು ರಸ್ತೆಯ ಮೈಲೇಜು. ಸಡಿಲ ಜಲ್ಲಿ, ಎದುರು ಗಾಳಿ, ಬೆನ್ನ ಮೇಲೆ ಲಗೇಜು ಎಲ್ಲ ಸೇರಿದರೆ ಮೈಲೇಜು ಇಳಿಯುತ್ತದೆ. ಹಾಗಾಗಿ ಸಣ್ಣ ಟ್ಯಾಂಕಿನವನಿಗೆ ಬೇಕಾದ ಕ್ಯಾನುಗಳನ್ನು ದೊಡ್ಡ ಬೈಕಿನವರು ಹೊತ್ತುಕೊಳ್ಳಲಿ. ಅವನ ಬೈಕಿನ ಮೇಲೇ ಹೇರಿದರೆ ಜಲ್ಲಿಯಲ್ಲಿ ಮೊದಲು ಬೀಳುವವನೂ ಅವನೇ.

ಪ್ರಶ್ನೆ: ಇಷ್ಟು ಶ್ರೀಮಂತ ದೇಶಗಳು, ರಸ್ತೆಗೆ ಟಾರು ಹಾಕುವುದಕ್ಕೆ ಏನು ಕಷ್ಟ?

ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದು ಕರಗಿದರೆ ಮೇಲಿನ ರಸ್ತೆ ಕುಸಿಯುತ್ತದೆ. ಅದಕ್ಕೇ ದಪ್ಪ ಜಲ್ಲಿ ಸುರಿದು, ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ ಮಾಡಿದ್ದಾರೆ. ಡೆಂಪ್‌ಸ್ಟರ್‌ನಲ್ಲಿ ಕೆಲವು ಕಡೆ ಈ ಜಲ್ಲಿ 2 ಮೀಟರಿಗೂ ದಪ್ಪ. ಡಾಲ್ಟನ್‌ನಲ್ಲಿ ಅಲ್ಲಲ್ಲಿ ಟಾರು ಇದೆ, ಆದರೆ ಉಬ್ಬು ತಗ್ಗು ಎದ್ದ ಟಾರಿಗಿಂತ ಒಳ್ಳೆಯ ಜಲ್ಲಿಯೇ ವಾಸಿ ಅನ್ನುವ ಸವಾರರಿದ್ದಾರೆ.

ನಿಮಗೆ ಮುಖ್ಯವಾದದ್ದು ಬೇರೆ. ಧೂಳು ಏಳದಿರಲಿ ಅಂತ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಅನ್ನುವ ಒಂದು ಬಗೆಯ ಉಪ್ಪು ಹಾಕುತ್ತಾರೆ. ಒಣಗಿದ್ದಾಗ ರಸ್ತೆ ಗಟ್ಟಿ, ಖುಷಿಯಾಗಿ ಹೋಗಬಹುದು. ಮಳೆ ಬಂತೋ, ಅದೇ ರಸ್ತೆ ಜಾರುವ ಕೆಸರು. ಆ ಕೆಸರು ರೇಡಿಯೇಟರಿಗೆ ಮೆತ್ತಿಕೊಂಡು ಒಣಗಿದರೆ ಉಗುರಿನಲ್ಲಿ ಕೆರೆದರೂ ಬರುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ, ಲೋಹಕ್ಕೂ ತುಕ್ಕು. ನೀರು ಸಿಕ್ಕ ಕಡೆ ಮೊದಲು ರೇಡಿಯೇಟರ್ ತೊಳೆಯಿರಿ, ಆಮೇಲೆ ನಿಮ್ಮ ಮುಖ. ಡೆಂಪ್‌ಸ್ಟರ್‌ನ ಚೂಪು ಕಲ್ಲುಗಳು ಟೈರು ಕೊಯ್ಯುವುದಕ್ಕೆ ಹೆಸರುವಾಸಿ. ಪಂಕ್ಚರ್ ಕಿಟ್ಟು, ಪಂಪು ಇದ್ದರಷ್ಟೇ ಸಾಲದು, ಮನೆಯಲ್ಲಿ ಒಮ್ಮೆ ನೀವೇ ಹಾಕಿ ನೋಡಿರಬೇಕು. ಮೊಬೈಲ್ ಸಿಗ್ನಲ್ ಬಹುತೇಕ ಇರುವುದಿಲ್ಲ, ಗುಂಪಿಗೆ ಒಂದಾದರೂ ಉಪಗ್ರಹ ಸಂದೇಶದ ಸಾಧನ ಬೇಕು.

ಪ್ರಶ್ನೆ: ಗೆಳೆಯರ ಜೊತೆ ದೂರ ಹೋದರೆ ಜಗಳ ಆಗುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ನಿಜವಾ?

ನಿಜ. ಜಗಳ ಸಾಮಾನ್ಯವಾಗಿ ವೇಗದ ವಿಷಯಕ್ಕೇ. ಒಬ್ಬನಿಗೆ ಓಡಬೇಕು, ಇನ್ನೊಬ್ಬನಿಗೆ ಫೋಟೋ ತೆಗೆಯಬೇಕು, ಮೂರನೆಯವನಿಗೆ ಚಳಿ, ಅವನು ಅದನ್ನು ಹೇಳುವುದಿಲ್ಲ. ಮುಂದಿನವನ ಧೂಳು ತಿನ್ನುತ್ತಾ ಹತ್ತಿರ ಹೋಗುವುದಕ್ಕೂ ಆಗುವುದಿಲ್ಲ, ಹಾಗಾಗಿ ಅಂತರ ಬೆಳೆಯುತ್ತಾ ಹೋಗುತ್ತದೆ. ಸರಳ ನಿಯಮ ಒಂದಿದೆ: ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಮಾತ್ರ ಜವಾಬ್ದಾರ. ಕನ್ನಡಿಯಲ್ಲಿ ಅವನ ದೀಪ ಕಾಣದೆ ಕೆಲವು ನಿಮಿಷ ಆದರೆ ನಿಲ್ಲಬೇಕು. ಹೀಗೆ ನಿಂತವನ ದೀಪ ಕಾಣದೆ ಅವನ ಮುಂದಿನವನೂ ನಿಲ್ಲುತ್ತಾನೆ, ಹೀಗೆ ತಾನಾಗಿ ಇಡೀ ಗುಂಪು ನಿಲ್ಲುತ್ತದೆ. ಎದುರಿಗೆ ಲಾರಿ ಬಂದರೆ ವೇಗ ಇಳಿಸಿ ಬಲಕ್ಕೆ ಸರಿಯಿರಿ, ಚಕ್ರದಿಂದ ಕಲ್ಲು ಹಾರುತ್ತದೆ. ಡಾಲ್ಟನ್ 1974ರಲ್ಲಿ ತೈಲ ಪೈಪ್‌ಲೈನ್ ಕೆಲಸಕ್ಕೆ ಅಂತಲೇ ಮಾಡಿದ ರಸ್ತೆ, ಇವತ್ತಿಗೂ ಅಲ್ಲಿ ಲಾರಿಗಳದ್ದೇ ರಾಜ್ಯ.

ಇನ್ನೊಂದು, ಬೇಸಿಗೆಯಲ್ಲಿ ಕತ್ತಲಾಗುವುದಿಲ್ಲ. ಇನುವಿಕ್‌ನಲ್ಲಿ 50 ದಿನಕ್ಕೂ ಹೆಚ್ಚು ಸೂರ್ಯ ಮುಳುಗುವುದೇ ಇಲ್ಲ. ಬೆಳಕಿದೆಯಲ್ಲ, ಇನ್ನೊಂದು 100 ಕಿ.ಮೀ. ಹೋಗೋಣ ಅಂತ ಯಾರೋ ಒಬ್ಬ ಹೇಳಿಯೇ ಹೇಳುತ್ತಾನೆ. ಗಡಿಯಾರ ನೋಡಿ ನಿಲ್ಲಿ. ಸುಸ್ತಾದವನು ಬೇಡ ಅಂದರೆ ಚರ್ಚೆ ಬೇಡ, ಅವನ ಮಾತೇ ಕೊನೆ ಅಂತ ಹೊರಡುವ ಮುಂಚೆಯೇ ಒಪ್ಪಿಕೊಳ್ಳಿ. ಯಾರದಾದರೂ ಬೈಕು ಕೆಟ್ಟರೆ ಜೊತೆಗೆ ಉಳಿಯುವವರು ಯಾರು, ಸಾಗಿಸುವ ಖರ್ಚು ಯಾರದು ಅನ್ನುವುದನ್ನೂ ಆಗಲೇ ಮಾತಾಡಿ. ಮುಜುಗರ ಆಗುತ್ತದೆ, ಆದರೂ ಮಾತಾಡಿ.

ಪ್ರಶ್ನೆ: ಕರಡಿ ಬಂದರೆ?

ಟೆಂಟಿನಲ್ಲಿ ಊಟ, ಪೇಸ್ಟು, ಸೋಪು ಏನೂ ಇಡಬೇಡಿ. ಕರಡಿ ಸ್ಪ್ರೇ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲಿಗೆ ಹೋಗಿಯೇ ಕೊಳ್ಳಿ. ನಿಜವಾಗಿ ನಿಮ್ಮನ್ನು ಕಾಡುವುದು ಸೊಳ್ಳೆ. ಜೂನ್, ಜುಲೈನಲ್ಲಿ ಹೆಲ್ಮೆಟ್ ತೆಗೆಯುವುದಕ್ಕೂ ಬಿಡುವುದಿಲ್ಲ.

ಪ್ರಶ್ನೆ: ಬಾಡಿಗೆ ಬೈಕು ಸಿಗುತ್ತದಾ? ವೀಸಾ?

ಬೈಕು ಸಿಗುತ್ತದೆ, ಆದರೆ ಈ ಜಲ್ಲಿ ರಸ್ತೆಗಳಿಗೆ ಒಯ್ಯಬಾರದು ಅಂತ ಷರತ್ತು ಹಾಕುವವರು ಬಹಳ. ಕರಾರು ಪೂರ್ತಿ ಓದಿ, ವಿಮೆ ಅಲ್ಲಿಗೂ ಅನ್ವಯಿಸುತ್ತದೆ ಅಂತ ಬರಹದಲ್ಲಿ ಪಡೆಯಿರಿ. ಅಲಾಸ್ಕಾ, ಯೂಕಾನ್ ಎರಡೂ ಸೇರಿಸಿದರೆ ಭಾರತದ ಪಾಸ್‌ಪೋರ್ಟಿನ ಪ್ರವಾಸಿಗರಿಗೆ ಎರಡು ದೇಶದ ವೀಸಾ ಬೇಕು. ಇವೆರಡರ ನಡುವೆ ಡಾಸನ್ ಕಡೆಯ ಪೋಕರ್ ಕ್ರೀಕ್ ಗಡಿ ಠಾಣೆ ಬೇಸಿಗೆಯಲ್ಲಿ, ಅದೂ ಹಗಲು ಹೊತ್ತು ಮಾತ್ರ ತೆರೆದಿರುತ್ತದೆ. ಮೊದಲ ಸಲವಾದರೆ ಯೂಕಾನ್ ರಾಜಧಾನಿ ವೈಟ್‌ಹಾರ್ಸ್‌ನಿಂದ ಡಾಸನ್, ಅಲ್ಲಿಂದ ಟುಕ್ಟೊಯಾಕ್ಟುಕ್. ಕೆನಡಾ ವೀಸಾ ಒಂದೇ ಸಾಕು. ದಾರಿಯಲ್ಲಿ ಪೀಲ್ ಮತ್ತು ಮೆಕೆಂಝಿ ನದಿಗಳನ್ನು ದೋಣಿಯಲ್ಲಿ ದಾಟಬೇಕು, ಹಿಮ ಕರಗುವ ಕಾಲದಲ್ಲಿ ಅವು ಓಡುವುದಿಲ್ಲ, ಹಾಗಾಗಿ ಜೂನ್ ಕೊನೆಗಿಂತ ಮೊದಲಿನ ದಿನಾಂಕಕ್ಕೆ ಟಿಕೆಟ್ ಮಾಡಿಸಬೇಡಿ.