ಆಲಿವ್ ಹಳ್ಳಿಗೆ ಒಂದು ದಿನ ಸಾಕಾ, ಉಳಿಯಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್ ಕೊನೆಗೆ ಸ್ಪೇನ್‌ಗೆ ಹೋಗುತ್ತಿದ್ದೀರಿ. ಕೊರ್ದೊಬಾ ಸೀಮೆಯ ಸುಎರೋಸ್ ಹಳ್ಳಿಯನ್ನು ಬೆಳಿಗ್ಗೆ ಹೋಗಿ ಸಂಜೆ ಬರುವಂತೆ ನೋಡಬಹುದಾ, ಇಲ್ಲ ಉಳಿಯಬೇಕಾ? ಜೊತೆಗೆ ಮಂಡಿನೋವಿನ ಅಮ್ಮ, ಹತ್ತು ವರ್ಷದ ಮಗ. ಎಲ್ಲರೂ ಸಸ್ಯಾಹಾರಿಗಳು.

ಎರಡು ರಾತ್ರಿ ಉಳಿಯಿರಿ. ನಾನು ಮ್ಯಾಡ್ರಿಡ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಮೂರು ಸಲ ಹೋಗಿದ್ದೇನೆ. ಮೊದಲನೆಯ ಸಲ ನೀವು ಯೋಚಿಸಿರುವ ಹಾಗೆಯೇ ಬೆಳಿಗ್ಗೆ ಹೋಗಿ ಸಂಜೆ ಬಂದೆ. ಕೋಟೆ ನೋಡಿದೆ, ಫೋಟೋ ತೆಗೆದೆ, ಒಂದೂವರೆ ಗಂಟೆಯಲ್ಲಿ ಊರು ಮುಗಿಯಿತು. ಇಷ್ಟಕ್ಕೆ ಬಂದೆನಾ ಅನ್ನಿಸಿತು. ಊರು ನಿಜಕ್ಕೂ ಅಷ್ಟೇ ಚಿಕ್ಕದು. ಬಂಡೆಯ ಮೇಲೆ ಕೂತ ಹಳೆ ಕೋಟೆ, ಸುಣ್ಣ ಬಳಿದ ಮನೆಗಳು, ಕಡಿದಾದ ಓಣಿಗಳು. ನೋಡಬೇಕಾದ್ದು ಊರಿನ ಕೆಳಗಿದೆ.

ಕೋಟೆಯ ಪಕ್ಕದ ಚೌಕದಲ್ಲಿ ಕಟ್ಟೆಗೆ ಒರಗಿ ನಿಂತರೆ ಕಣ್ಣು ಹೋಗುವಷ್ಟು ದೂರ ಆಲಿವ್ ಮರ. ಬೇಲಿ ಇಲ್ಲ, ಬೇರೆ ಬೆಳೆ ಇಲ್ಲ, ಗುಡ್ಡದ ಮೇಲೆಲ್ಲಾ ಚುಕ್ಕಿ ಇಟ್ಟ ಹಾಗೆ ಸಾಲು ಸಾಲು. ಪಕ್ಕದ ಹಾಯೆನ್ ಪ್ರಾಂತ್ಯ ಒಂದರಲ್ಲೇ 6 ಕೋಟಿಗೂ ಜಾಸ್ತಿ ಮರಗಳಿವೆ. ನಾನು ತಿಪಟೂರು ಕಡೆಯವನು, ಒಂದೇ ಬೆಳೆಯ ಸೀಮೆ ಅಂದರೆ ಏನು ಅಂತ ಗೊತ್ತು. ಆದರೂ ಇದನ್ನು ನೋಡಿ ಸುಮ್ನೆ ನಿಂತುಬಿಟ್ಟೆ.

ನಿಮ್ಮ ಅದೃಷ್ಟಕ್ಕೆ ಡಿಸೆಂಬರ್ ಕೊಯ್ಲಿನ ಕಾಲ. ಬೇಸಿಗೆಯಲ್ಲಿ ಹೋದವರಿಗೆ ಬರೀ ಮರ ಮತ್ತು 40 ಡಿಗ್ರಿ ಬಿಸಿಲು. ಈಗ ಹೋದರೆ ತೋಟದಲ್ಲಿ ಜನ ಇರುತ್ತಾರೆ. ಮರದ ಕೆಳಗೆ ದೊಡ್ಡ ಬಲೆ ಹಾಸುತ್ತಾರೆ. ಟ್ರ್ಯಾಕ್ಟರ್‌ಗೆ ಕಟ್ಟಿದ ಯಂತ್ರ ಕಾಂಡವನ್ನು ಹಿಡಿದು ಗಡಗಡ ಅಲುಗಾಡಿಸುತ್ತದೆ, ಕಾಯಿ ಮಳೆ ಬಿದ್ದಂತೆ ಉದುರುತ್ತದೆ. ಉಳಿದದ್ದನ್ನು ಉದ್ದ ಕೋಲಿನಿಂದ ಬಡಿಯುತ್ತಾರೆ. ಮಗನಿಗೆ ಬೇಜಾರಾಗುತ್ತದೆ ಅನ್ನುವ ಚಿಂತೆ ಬಿಡಿ, ಅಲ್ಲಿಂದ ಕರೆದುಕೊಂಡು ಬರೋದೇ ಕಷ್ಟ. ದಾರಿಯಲ್ಲೇ ನಿಂತು ನೋಡಿ, ಹಾಸಿದ ಬಲೆ ತುಳಿಯಬೇಡಿ. ಹಿಂದಿನ ದಿನ ಮಳೆ ಬಂದಿದ್ದರೆ ಕೆಲಸವೂ ಇರಲ್ಲ. ಅಲ್ಲಿನ ಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಎರಡೆರಡು ಕೇಜಿ ಆಗುತ್ತದೆ.

ಹಸಿರು ಆಲಿವ್ ಬೇರೆ ಮರ, ಕಪ್ಪು ಆಲಿವ್ ಬೇರೆ ಮರ ಅಂತ ನಾನು ನಂಬಿದ್ದೆ. ಪಿಜ್ಜಾ ನೋಡಿ ಕಲಿತ ಕೃಷಿ! ಒಂದೇ ಕಾಯಿ ಹಸಿರಿನಿಂದ ನೇರಳೆಗೆ ತಿರುಗಿ ಆಮೇಲೆ ಕಪ್ಪಾಗುತ್ತದೆ. ಡಿಸೆಂಬರ್‌ನಲ್ಲಿ ಒಂದೇ ಕೊಂಬೆಯಲ್ಲಿ ಮೂರೂ ಬಣ್ಣ ಸಿಗಬಹುದು.

ಇನ್ನು ಗಾಣ. ಅಲ್ಲಿನವರು ಅದಕ್ಕೆ ಅಲ್ಮಸಾರಾ ಅನ್ನುತ್ತಾರೆ, ಅರಬ್ಬಿಯಿಂದ ಬಂದ ಮಾತು. ಹತ್ತಿರದ ಬಾಯೆನಾ ಪಟ್ಟಣದ ಹೆಸರಿನಲ್ಲೇ ಆಲಿವ್ ಎಣ್ಣೆಗೆ ಮೂಲಸ್ಥಾನದ ಮುದ್ರೆ ಇದೆ, ನಮ್ಮ ಜಿಐ ಟ್ಯಾಗ್ ಇದ್ದ ಹಾಗೆ. ಅಲ್ಲೊಂದು ಆಲಿವ್ ಮ್ಯೂಸಿಯಂ ಕೂಡ ಇದೆ. ಹಳೆ ಕಾಲದಲ್ಲಿ ಶಂಕುವಿನಾಕಾರದ ಕಲ್ಲುಗಳನ್ನು ಪ್ರಾಣಿ ಕಟ್ಟಿ ತಿರುಗಿಸುತ್ತಿದ್ದರು. ನಮ್ಮ ಎತ್ತಿನ ಗಾಣ ನೋಡಿದ ಅಮ್ಮಂದಿರಿಗೆ ಯಾರೂ ವಿವರಿಸಬೇಕಾಗಿಲ್ಲ. ಈಗಿನದೆಲ್ಲ ಸ್ಟೀಲ್ ಯಂತ್ರ. ಅರೆದು, ಕಲಸಿ, ಜೋರಾಗಿ ತಿರುಗಿಸಿ ಎಣ್ಣೆ ಬೇರೆ ಮಾಡುತ್ತಾರೆ. ಒಂದು ಲೀಟರ್ ಎಣ್ಣೆಗೆ ಸುಮಾರು ಐದು ಕೇಜಿ ಕಾಯಿ ಬೇಕು. 27 ಡಿಗ್ರಿಗಿಂತ ಬಿಸಿ ಮಾಡದೆ ತೆಗೆದರೆ ಮಾತ್ರ ಬಾಟಲಿಯ ಮೇಲೆ ಕೋಲ್ಡ್ ಎಕ್ಸ್‌ಟ್ರಾಕ್ಷನ್ ಅಂತ ಬರೆಯಬಹುದು.

ರುಚಿ ನೋಡಲು ನೀಲಿ ಗಾಜಿನ ಪುಟ್ಟ ಲೋಟ ಕೊಡುತ್ತಾರೆ. ಎಣ್ಣೆಯ ಬಣ್ಣ ನೋಡಿ ಮೋಸ ಹೋಗಬಾರದು ಅಂತ ಆ ನೀಲಿ. ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮೂಸಿ, ಒಂದು ಗುಟುಕು ಕುಡಿಯಬೇಕು. ಎಳೆ ಕಾಯಿಯ ಹೊಸ ಎಣ್ಣೆ ಗಂಟಲಿಗೆ ಮೆಣಸಿನ ಹಾಗೆ ಚುರುಕ್ ಅನ್ನುತ್ತದೆ. ನಾನು ಕೆಮ್ಮಿದೆ, ಎಣ್ಣೆ ಕೆಟ್ಟಿದೆ ಅಂದುಕೊಂಡೆ. ತೋರಿಸುತ್ತಿದ್ದವರಿಗೆ ಖುಷಿಯೋ ಖುಷಿ. ಆ ಕೆಮ್ಮೇ ಒಳ್ಳೆಯ ಎಣ್ಣೆಯ ಗುರುತಂತೆ. ಗಾಣಕ್ಕೆ ಮೊದಲೇ ಮಾತಾಡಿಕೊಂಡು ಹೋಗಿ. ಡಿಸೆಂಬರ್ 25, ಜನವರಿ 1 ಮತ್ತು 6 ರಜೆ. ನಾನು ಜನವರಿ 6ಕ್ಕೆ ಹೋಗಿ ಬೀಗ ನೋಡಿಕೊಂಡು ಬಂದಿದ್ದೇನೆ, ತಪ್ಪು ನನ್ನದೇ.

ಅಮ್ಮನ ಮಂಡಿಗೆ ಹೇಳಿ ಮಾಡಿಸಿದ ದಾರಿ ಒಂದಿದೆ. ಹಿಂದೆ ಈ ಎಣ್ಣೆ ಸಾಗಿಸಲು ಒಂದು ರೈಲು ಮಾರ್ಗ ಇತ್ತು, ಎಣ್ಣೆ ರೈಲು ಅಂತಲೇ ಹೆಸರು. 1980ರ ದಶಕದಲ್ಲಿ ಅದು ನಿಂತುಹೋಯಿತು. ಹಳಿ ಕಿತ್ತು, ಹಾಯೆನ್‌ನಿಂದ ಪುಯೆಂತೆ ಹೆನಿಲ್‌ವರೆಗೆ 128 ಕಿಲೋಮೀಟರ್ ಉದ್ದದ ನಡಿಗೆ ಮತ್ತು ಸೈಕಲ್ ದಾರಿ ಮಾಡಿದ್ದಾರೆ. ವಿಯಾ ವೆರ್ದೆ ದೆಲ್ ಅಸೆಯ್ತೆ ಅಂತ ಬೋರ್ಡ್ ಇರುತ್ತದೆ. ರೈಲಿಗೆ ಕಡಿದಾದ ಏರು ಆಗದು, ಹಾಗಾಗಿ ದಾರಿ ಪೂರ್ತಿ ಸಪಾಟು ಅನ್ನಿಸುವಷ್ಟು ಮೆಲ್ಲಗೆ ಏರಿಳಿಯುತ್ತದೆ. ಕಾರುಗಳ ಕಾಟ ಇಲ್ಲ. ಕಣಿವೆಗಳ ಮೇಲೆ ಹಳೆ ಕಬ್ಬಿಣದ ಸೇತುವೆಗಳು, ಎರಡೂ ಕಡೆ ಆಲಿವ್. ಪಕ್ಕದ ದೋನ್ಯಾ ಮೆನ್ಸಿಯಾದ ಹಳೆ ಸ್ಟೇಷನ್ ಹತ್ತಿರ ಸೈಕಲ್ ಬಾಡಿಗೆಗೆ ಸಿಗುತ್ತದೆ. ಅಮ್ಮ ಅಲ್ಲೇ ಅರ್ಧ ಗಂಟೆ ನಡೆದು ಕಾಫಿ ಕುಡಿಯಲಿ, ನೀವು ಮತ್ತು ಮಗ ಸುಎರೋಸ್ ಕಡೆಗೆ ಸೈಕಲ್ ತುಳಿಯಿರಿ. ದಾರಿ ಊರಿನ ಕೆಳಗೆ ಹಾದು ಹೋಗುತ್ತದೆ, ಊರಿಗೆ ಹತ್ತೋದು ಮಾತ್ರ ಏದುಸಿರು. ಹತ್ತಬೇಡಿ, ವಾಪಸ್ ಬನ್ನಿ.

ಊರಿನ ಮೇಲೆ ನಾಲ್ಕು ಕಿಲೋಮೀಟರ್ ದೂರದಲ್ಲಿ ಬಾವಲಿಗಳ ಗುಹೆ ಇದೆ. ನವಶಿಲಾಯುಗದ ಜನ ಬರೆದ ಮೇಕೆ ಚಿತ್ರಗಳು ಸಿಕ್ಕ ಜಾಗ. ಮೊದಲೇ ಬುಕ್ ಮಾಡಬೇಕು, ಗೈಡ್ ಜೊತೆಗೇ ಹೋಗಬೇಕು. ಒಳಗೆ ಸುಮಾರು 700 ಮೆಟ್ಟಿಲು, ಆದ್ದರಿಂದ ಅಮ್ಮನಿಗೆ ಬೇಡವೇ ಬೇಡ. ನೀವು ಮಗನ ಜೊತೆ ಹೋಗಿ.

ಬಾಯ್ಲೋನ್ ನದಿಯ ಕಮರಿ ಊರಿನ ಬುಡದಲ್ಲೇ ಶುರುವಾಗುತ್ತದೆ. ನದಿ ಅಂದರೆ ಬಹುಪಾಲು ಒಣ ಕಲ್ಲು, ಸುಣ್ಣದ ಕಲ್ಲಿನ ನೆಲ ನೀರನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಒಂದು ಗಂಟೆ ನಡೆದು ತಿರುಗಿ ಬಂದರೂ ಸಾಕು. ರಾಮನಗರದಲ್ಲಿ ದುರ್ಬೀನು ಹಿಡಿದು ರಣಹದ್ದು ಹುಡುಕಿ ಸೋತವನು ನಾನು. ಇಲ್ಲಿ ಅವು ತಲೆಯ ಮೇಲೇ ಸುತ್ತುತ್ತವೆ.

ಕಾರು ಬೇಕೇ ಬೇಕು, ಬಸ್ಸು ಕಡಿಮೆ. ಅಂತರರಾಷ್ಟ್ರೀಯ ಲೈಸೆನ್ಸ್ ಊರಲ್ಲೇ ಮಾಡಿಸಿಕೊಳ್ಳಿ, ಅಲ್ಲಿ ಬಲಗಡೆ ಓಡಿಸಬೇಕು. ಚಳಿಗೆ ಸ್ವೆಟರ್ ಸಾಲದು, ಮನೆ ಒಳಗೂ ಥಂಡಿ. ಕೆಲವು ಮನೆಗಳಲ್ಲಿ ದುಂಡು ಮೇಜಿಗೆ ದಪ್ಪ ಬಟ್ಟೆ ಹೊದಿಸಿ ಕೆಳಗೆ ಹೀಟರ್ ಇಟ್ಟಿರುತ್ತಾರೆ, ಕಾಲು ಒಳಗೆ ತೂರಿಸಿ ಕೂರೋದು. ಆಲಿವ್ ಬೀಜವನ್ನೂ ಸೌದೆಯ ಬದಲು ಉರಿಸುತ್ತಾರೆ, ನಮ್ಮ ಬಚ್ಚಲ ಒಲೆಗೆ ತೆಂಗಿನ ಚಿಪ್ಪು ಹಾಕಿದ ಹಾಗೆ.

ಊಟ ಸ್ವಲ್ಪ ಕಷ್ಟ. ಸಸ್ಯಾಹಾರಿ ಅಂದರೆ ಮೀನು ಹಾಕಿದ ಸಲಾಡ್ ತಂದಿಡುವ ಸಾಧ್ಯತೆ ಇದೆ. ಸಲ್ಮೋರೆಹೋ ಎಂಬ ಟೊಮೆಟೊ ಗೊಜ್ಜಿನ ಮೇಲೆ ಮೊಟ್ಟೆ ಮತ್ತು ಹಂದಿಮಾಂಸದ ಚೂರು ಉದುರಿಸುತ್ತಾರೆ. 'ಸಿನ್ ಹಾಮೋನ್, ಸಿನ್ ಅತೂನ್, ಸಿನ್ ಹುಯೆವೋ' ಅಂದರೆ ಹಂದಿಮಾಂಸ ಬೇಡ, ಟ್ಯೂನಾ ಬೇಡ, ಮೊಟ್ಟೆ ಬೇಡ. ಇದನ್ನು ಬಾಯಿಪಾಠ ಮಾಡಿ. ಬೆಳಿಗ್ಗೆ ಮಾತ್ರ ಹಬ್ಬ: ಸುಟ್ಟ ಬ್ರೆಡ್ಡು, ತುರಿದ ಟೊಮೆಟೊ, ಉಪ್ಪು, ಮೇಲೆ ಧಾರಾಳ ಎಣ್ಣೆ. ಊರಿನ ಮೇಕೆ ಹಾಲಿನ ಚೀಸ್ ಕೂಡ ಚೆನ್ನಾಗಿದೆ, ಆದರೆ ಹಾಲು ಒಡೆಯಲು ಪ್ರಾಣಿಯ ರೆನೆಟ್ ಬಳಸಿದ್ದಾರಾ ಅಂತ ಕೇಳಿಕೊಳ್ಳಿ.

ಕೊನೆಗೆ ಅಮ್ಮನಿಗೆ ಒಂದು ಮಾತು ಹೇಳಿಡಿ. ಎರಡನೆಯ ಸಲ ನಮ್ಮಮ್ಮನೂ ಬಂದಿದ್ದರು. ದಾರಿಯಲ್ಲಿ ಬಿದ್ದಿದ್ದ ಕಪ್ಪು ಕಾಯಿಯನ್ನು ನೇರಳೆ ಹಣ್ಣಿನ ಹಾಗೆ ಬಾಯಿಗೆ ಹಾಕಿಕೊಂಡರು. ಹಾಗಲಕಾಯಿ ಅದರ ಮುಂದೆ ಸಿಹಿ. ಉಗುಳಿ, ಬಾಯಿ ತೊಳೆದರೂ ಹೋಗಲಿಲ್ಲ. ತೋಟದಲ್ಲಿದ್ದ ಹೆಂಗಸೊಬ್ಬರು ನಕ್ಕು, ದಿನಗಟ್ಟಲೆ ನೀರು ಬದಲಿಸುತ್ತಾ ನೆನೆಹಾಕಿ ಆಮೇಲೆ ಉಪ್ಪುನೀರಿಗೆ ಹಾಕಬೇಕು ಅಂತ ಕೈಸನ್ನೆಯಲ್ಲೇ ತಿಳಿಸಿದರು. ಅಮ್ಮನಿಗೆ ಒಂದಕ್ಷರ ಸ್ಪ್ಯಾನಿಷ್ ಬಾರದು. "ಉಪ್ಪಿನಕಾಯಿ ಅಲ್ವಾ, ಅಷ್ಟು ಗೊತ್ತಾಗಲ್ವಾ" ಅಂದರು.