ಶ್ರುತಿ ಕಿವಿಯಲ್ಲಿದ್ದರೆ ಸಾಕೆ?

(ಇಂಗ್ಲೆಂಡಿನ ಗಿಟಾರ್ ವಾದಕ ಸ್ಟೀವ್ ಹೌ ತಾವೇ ಹಾಡಿರುವ ‘ಬಿಗಿನಿಂಗ್ಸ್’ ಆಲ್ಬಮ್ ನಿರಾಸೆ ತಂದಿತೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದಕ್ಕೆ ಅರಕಲಗೂಡಿನ ಓದುಗರೊಬ್ಬರು ಆಕ್ಷೇಪಿಸಿದ್ದಾರೆ. ಅಷ್ಟು ಸೂಕ್ಷ್ಮವಾಗಿ ಗಿಟಾರ್ ನುಡಿಸುವವರಿಗೆ ಶ್ರುತಿಜ್ಞಾನವಿರುವುದಿಲ್ಲವೇ, ಅವರು ಹಾಡಿದ್ದು ಕೆಡುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಜೊತೆಗೆ ತಮ್ಮಲ್ಲಿರುವ ಆ ಆಲ್ಬಮ್ಮಿನ ಎಲ್‌ಪಿಯನ್ನೂ (ಗ್ರಾಮಫೋನ್ ತಟ್ಟೆ) ಕಳಿಸಿಕೊಟ್ಟಿದ್ದಾರೆ.)

ಮಾನ್ಯರೆ,

ರುದ್ರಪಟ್ಟಣವಿರುವ ತಾಲ್ಲೂಕಿನಿಂದಲೇ ಈ ಪ್ರಶ್ನೆ ಬಂದದ್ದು ನನಗೆ ಸೋಜಿಗವೆನಿಸಿತು. ಕರ್ನಾಟಕ ಸಂಗೀತದ ಗಾಯಕ ಆರ್. ಕೆ. ಶ್ರೀಕಂಠನ್ ಅವರು ಹುಟ್ಟಿದ್ದು ಆ ರುದ್ರಪಟ್ಟಣದಲ್ಲೇ. ಅವರ ಸೀಮೆಯವರಾದ ನಿಮಗೆ, ಕಿವಿಯಲ್ಲಿರುವ ಶ್ರುತಿ ಗಂಟಲಿಗೆ ಇಳಿಯಲು ಎಷ್ಟು ವರ್ಷಗಳ ಅಕಾರ ಸಾಧಕ (‘ಅ’ ಎಂದು ಸ್ವರ ಎಳೆದು ಹಾಡುವ ಅಭ್ಯಾಸ) ಬೇಕೆಂಬುದನ್ನು ನಾನು ಹೇಳಬೇಕಾಗಿಲ್ಲ. ಪಕ್ಕವಾದ್ಯದ ಪಿಟೀಲು ವಿದ್ವಾಂಸರ ಶ್ರುತಿಶುದ್ಧಿಯನ್ನು ಯಾರೂ ಶಂಕಿಸುವುದಿಲ್ಲ. ಹಾಗೆಂದು ಅವರನ್ನು ಮೂರು ಗಂಟೆಯ ಹಾಡುಗಾರಿಕೆಗೆ ಕೂರಿಸುವವರೂ ಇಲ್ಲ.

1970ರಲ್ಲಿ ‘ಯೆಸ್’ ಎಂಬ ರಾಕ್ ತಂಡ ಸೇರಿದ ಹೌ ಅಲ್ಲಿಯೂ ಹಾಡುತ್ತಿದ್ದರು, ಆದರೆ ಮುಖ್ಯ ಗಾಯಕ ಜಾನ್ ಆಂಡರ್ಸನ್ ಅವರ ಕಂಠದ ಹಿಂದೆ ದನಿಗೂಡಿಸುವಷ್ಟು ಮಾತ್ರ. 1975ರ ಈ ಆಲ್ಬಮ್ಮಿನಲ್ಲಿ ಹೆಚ್ಚಿನ ಹಾಡುಗಳ ಭಾರವನ್ನು ತಾವೇ ಹೊತ್ತರು. ನಿಮ್ಮ ಎಲ್‌ಪಿಯನ್ನು ನಮ್ಮ ಪತ್ರಿಕೆಯ ಕಚೇರಿಯಲ್ಲಿ ಎರಡು ಸಂಜೆ ಕೇಳಿದೆ. ಸಾಲು ಮೇಲಕ್ಕೇರಬೇಕಾದಲ್ಲಿ ದನಿ ಸ್ವರವನ್ನು ಕೆಳಗಿನಿಂದ ತಡಕಾಡುತ್ತದೆ, ಅದು ಸಿಕ್ಕುವಷ್ಟರಲ್ಲಿ ಸಾಲು ಮುಗಿದಿರುತ್ತದೆ; ಒಡನೆಯೇ ಬರುವ ಗಿಟಾರ್ ಅದೇ ಎತ್ತರವನ್ನು ಸಲೀಸಾಗಿ ಮುಟ್ಟಿ, ಅಲ್ಲೊಂದು ಸಣ್ಣ ಕೊಂಕನ್ನೂ ಹಾಕಿ ಇಳಿಯುತ್ತದೆ. ಎರಡನೆಯ ಸಂಜೆಯ ಹೊತ್ತಿಗೆ, ಚರಣ ಮುಗಿದರೆ ಸಾಕೆಂದು ನಾನು ಕಾಯುತ್ತಿದ್ದೆ. (ನಮ್ಮ ಅಕ್ಷರ ಜೋಡಿಸುವ ಹುಡುಗ ಕಾಯಲೂ ಇಲ್ಲ, ಕಾಫಿಗೆ ಎದ್ದುಹೋದ.)

ಒಂದು ವಿಷಯದಲ್ಲಿ ಮಾತ್ರ ನೀವು ಹೇಳಿದ್ದೇ ಸರಿ. ಇಡೀ ಆಲ್ಬಮ್ಮನ್ನು ನೀರಸವೆಂದು ತಳ್ಳಿಹಾಕಿದ್ದು ನಮ್ಮ ತಪ್ಪು. ಹೌ ಒಬ್ಬರೇ ಹಲವು ತಂತಿವಾದ್ಯಗಳನ್ನು ನುಡಿಸಿ ಒಂದರ ಮೇಲೊಂದು ಮುದ್ರಿಸಿದ ‘ರ‍್ಯಾಮ್’ ಎರಡು ನಿಮಿಷವೂ ಇಲ್ಲ. ಆದರೂ ಅದರಲ್ಲಿರುವ ಲವಲವಿಕೆ ಹಾಡುಗಳಲ್ಲಿಲ್ಲ. ಆಗ ‘ಯೆಸ್’ನ ಕೀಬೋರ್ಡ್ ವಾದಕರಾಗಿದ್ದ ಪ್ಯಾಟ್ರಿಕ್ ಮೊರಾಜ್ ವಾದ್ಯಸಂಯೋಜನೆ ಮಾಡಿದ ಶೀರ್ಷಿಕೆ ಕೃತಿಯೂ ಗಂಭೀರವಾದದ್ದು. ಇವೆರಡನ್ನೂ ನಮ್ಮ ವಿಮರ್ಶೆ ಹೆಸರಿಸಲೇ ಇಲ್ಲ. 1979ರ ಎರಡನೆಯ ಆಲ್ಬಮ್ಮಿನಲ್ಲಿ ಅವರು ಬಹುಪಾಲು ವಾದ್ಯಕ್ಕೇ ನಿಂತರು, ಇಟಲಿಯ ಹಳೆಯ ಸಂಗೀತ ರಚನಕಾರ ವಿವಾಲ್ಡಿಯ ಕೃತಿಯ ಒಂದು ಭಾಗವನ್ನೂ ನುಡಿಸಿದರು. ಮೊದಲ ಆಲ್ಬಮ್ಮಿನ ಹಾಡುಗಾರಿಕೆಯ ಬಗ್ಗೆ ಅವರಿಗೇ ಏನನ್ನಿಸಿತ್ತೆಂದು ಅದರಿಂದ ಊಹಿಸಬಹುದೇನೋ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಎಲ್‌ಪಿ ಜೋಪಾನವಾಗಿದೆ, ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ಹಾಸನಕ್ಕೆ ಬಂದಾಗ ಕಚೇರಿಗೆ ಬಂದು ತೆಗೆದುಕೊಂಡು ಹೋಗಬೇಕಾಗಿ ವಿನಂತಿ.

– ಸಂಪಾದಕ